ತುರೈಫಿನ ಚಳಿಯೂ ನಮ್ಮ ಭಾವನೂ

ಸೌದಿ ಅರೇಬಿಯಾದಂಥ ಸೌದಿ ಅರೇಬಿಯಾದಲ್ಲಿ ಕುಳಿತು, "ಇಲ್ಲಿ ವಿಪರೀತ ಚಳಿ, ನೀನು ಬರಬೇಡ" ಎಂದು ಹೆಂಡತಿಗೆ ಹೇಳಿ ದಕ್ಕಿಸಿಕೊಂಡ ಗಂಡಸು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! ಊರಿನಲ್ಲಿ ಇದನ್ನು ಕೇಳಿದವರೆಲ್ಲ ಒಂದೇ ತೀರ್ಮಾನಕ್ಕೆ ಬಂದಿದ್ದರು: "ಅಲ್ಲಿ ಬೇರೆ ಎಂತದೋ ಉಂಟು!"

ಪಾಪ, ಚಳಿಯ ಮಾತು ನಿಜವೇ. ನಾನಿರುವ ರಿಯಾದಿನಲ್ಲಿ ಬಿಸಿಲಿನದೇ ಕಾರುಬಾರು. ಭಾವ ಇರುವ ತುರೈಫ್ ಉತ್ತರದ ತುದಿಯಲ್ಲಿ, ಜೋರ್ಡಾನ್ ಗಡಿಯ ಪಕ್ಕ. ಜನವರಿಯಲ್ಲಿ ಅಲ್ಲಿ ನಲ್ಲಿಯ ನೀರೂ ಕಲ್ಲಾಗುತ್ತದೆ. ಭಾವನ ಕೆಲಸ ಕಾರಿನ ಬ್ಯಾಟರಿ ಅಂಗಡಿಯಲ್ಲಿ. ಚಳಿಗೆ ಬ್ಯಾಟರಿಗಳು ಸಾಯುತ್ತವೆ, ಬ್ಯಾಟರಿಗಳು ಸತ್ತರೆ ಅಂಗಡಿ ಬದುಕುತ್ತದೆ! ಹಾಗಾಗಿ ಚಳಿಯ ವಿಷಯದಲ್ಲಿ ಹಗುರವಾಗಿ ಮಾತಾಡಿದರೆ ಅವರಿಗೆ ಆಗುವುದಿಲ್ಲ.

ಒಮ್ಮೆ ರಜೆಯಲ್ಲಿ ಊರಿಗೆ ಬರುವಾಗ ದಪ್ಪ ಕೋಟು ಪೆಟ್ಟಿಗೆಯಲ್ಲಿ ಹಿಡಿಸದೆ, ಅದನ್ನು ತೊಟ್ಟುಕೊಂಡೇ ಮಂಗಳೂರಿನಲ್ಲಿ ಇಳಿದರು. ಕರೆತರಲು ಹೋಗಿದ್ದ ಡ್ರೈವರ್ "ಎಂತ ಕಾಕ, ಮಲೇರಿಯವಾ?" ಎಂದವನೇ ಉತ್ತರಕ್ಕೂ ಕಾಯದೆ ಕಾರನ್ನು ಆಸ್ಪತ್ರೆಯ ಕಡೆ ತಿರುಗಿಸಿದ!

ಮೊಬೈಲು ತೋರಿಸುವ ಹವಾಮಾನವನ್ನು ಭಾವ ನಂಬುವವರಲ್ಲ. "ಉಪಗ್ರಹ ಮೇಲೆ ಉಂಟು ಮಾರಾಯ, ನಾನು ಇರುವುದು ಕೆಳಗೆ" ಎನ್ನುತ್ತಾರೆ. ಅವರ ಥರ್ಮಾಮೀಟರ್ ಎಂದರೆ ಕಿಟಕಿಯಲ್ಲಿಟ್ಟ ತೆಂಗಿನೆಣ್ಣೆಯ ಬಾಟಲಿ. ಎಣ್ಣೆ ಮಬ್ಬಾಯಿತೋ, ಸ್ವೆಟರ್ ಹೊರಗೆ. ಗಟ್ಟಿಯಾಯಿತೋ, ಹೀಟರ್. ಬಾಟಲಿ ಬೋರಲು ಹಾಕಿದರೂ ಹನಿ ಬೀಳದಿದ್ದರೆ ಸ್ನಾನ ಬಂದ್! ಸಂಕಟವೆಂದರೆ, ಹೀಟರ್ ಹಾಕಿದ ಸ್ವಲ್ಪ ಹೊತ್ತಿಗೆ ಎಣ್ಣೆ ಕರಗುತ್ತದೆ. "ಓ, ಬೇಸಿಗೆ ಬಂತು" ಎಂದು ಭಾವ ಹೀಟರ್ ಆರಿಸುತ್ತಾರೆ. ಸಂಜೆಯೊಳಗೆ ಪುನಃ ಚಳಿಗಾಲ! ವರ್ಷವಿಡೀ ಬರಬೇಕಾದ ಋತುಗಳೆಲ್ಲ ಅವರ ಕೋಣೆಯಲ್ಲಿ ಒಂದೇ ದಿನದಲ್ಲಿ ಬಂದು ಹೋಗುತ್ತವೆ.

ಮಗಳ ಮದುವೆ ಮುಗಿದು ಬಿಡುವಾದ ಮೇಲೆ ಅಕ್ಕ ಹಟ ಹಿಡಿದಳು. ಇಷ್ಟು ವರ್ಷ ಗಂಡನನ್ನು ಫೋನಿನಲ್ಲೇ ನೋಡಿದ್ದಾಯಿತು, ಇನ್ನು ಕೆಲವು ದಿನವಾದರೂ ಜೊತೆಗಿರಬೇಕು ಎಂಬುದೊಂದೇ ಅವಳ ಆಸೆ. ಡಿಸೆಂಬರಿನಲ್ಲಿ ಕೇಳಿದರೆ, "ಬೇಡ, ಮರಗಟ್ಟಿ ಹೋಗ್ತಿ." ಮಾರ್ಚಿನಲ್ಲಿ, "ಧೂಳಿನ ಗಾಳಿ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು, ಸಂಜೆ ಪುನಃ ಸ್ವೆಟರ್. ನಿನಗೆ ಶೀತ ಆದರೆ?" ಜುಲೈಯಲ್ಲಿ, "ಈ ಬಿಸಿಲಿಗೆ ಯಾರಾದರೂ ಬರ್ತಾರಾ?" ಅಕ್ಟೋಬರಿನಲ್ಲಿ, "ಈಗ ಒಳ್ಳೆದುಂಟು. ಆದರೆ ವೀಸಾ ಆಗುವಾಗ ಚಳಿ ಶುರುವಾಗ್ತದೆ."

"ನಿಮ್ಮ ತುರೈಫಿನಲ್ಲಿ ಹದಿಮೂರನೇ ತಿಂಗಳು ಇದ್ದರೆ ಹೇಳಿ, ಆಗ ಬರ್ತೇನೆ!" ಎಂದು ಅಕ್ಕ ಫೋನ್ ಇಟ್ಟಳು. ಇಟ್ಟ ಮೇಲೆ ಅತ್ತಳಂತೆ. ಅಮ್ಮ ಹೇಳಿದರು.

ಗೂಢಚಾರಿಕೆಗೆಂದು ತುರೈಫಿಗೆ ಹೋಗುವ ಪಾಳಿ ನನ್ನದಾಯಿತು. ಬಾಗಿಲು ತೆರೆದ ಭಾವನನ್ನು ಕಂಡೊಡನೆ ನನ್ನ ಅನುಮಾನವೆಲ್ಲ ಓಡಿಹೋಯಿತು. ತಲೆಗೆ ಉಣ್ಣೆಯ ಟೊಪ್ಪಿ, ಮೈಗೆ ಸೌದಿಗಳು ಹೊದೆಯುವ ಕುರಿಯುಣ್ಣೆಯ ಫರ್ವಾ, ಅದರ ಕೆಳಗೆ ನಮ್ಮದೇ ಚೌಕುಳಿ ಲುಂಗಿ! ಈ ವೇಷಕ್ಕೆ ಇನ್ನೊಬ್ಬಳು ಒಲಿಯುವುದುಂಟೇ? ನಮ್ಮ ಅಕ್ಕ ಒಲಿದದ್ದೇ ದೊಡ್ಡದು!

"ಪ್ಯಾಂಟ್ ಹಾಕಬಾರದಾ ಭಾವ?"

"ಕಾಲಿಗೆ ಸ್ವಲ್ಪ ಗಾಳಿ ಬೇಡ್ವಾ ಮಾರಾಯ!"

ಅಲ್ಲಿ ಬೇರೆ ಎಂತದೂ ಇಲ್ಲ ಎಂದು ಅಕ್ಕನಿಗೆ ವರದಿ ಒಪ್ಪಿಸಿದೆ. "ಹಾಗಾದರೆ ನಾನೇ ನೋಡಿಕೊಳ್ತೇನೆ" ಎಂದಳು. ಈ ಜನವರಿಯಲ್ಲಿ ಊರಿನವರ ಜೊತೆ ಉಮ್ರಾ ಯಾತ್ರೆಗೆ ಬಂದಳು. ಭಾವ ಮದೀನಾಕ್ಕೆ ಹೋಗಿ, ಮುಖ ನೋಡಿ ಮರಳುವ ಏರ್ಪಾಟಿನಲ್ಲಿದ್ದರು. ಅಷ್ಟರಲ್ಲಿ ಅಕ್ಕ ನನಗೆ ಫೋನ್ ಮಾಡಿದಳು: "ವೀಸಾದಲ್ಲಿ ಇನ್ನೂ ದಿನ ಉಂಟು. ಕಾರು ತೆಗೆದುಕೊಂಡು ಮದೀನಾಕ್ಕೆ ಬಾ. ತುರೈಫಿಗೆ ಹೋಗುವ. ಯಲ್ಲಾ!" ಇಲ್ಲಿಗೆ ಬಂದು ವಾರವಾಗಿರಲಿಲ್ಲ, "ಹೊರಡು" ಎನ್ನಲು ಆಗಲೇ ಅರಬರ ಯಲ್ಲಾ!

ದಿನವಿಡೀ ಉತ್ತರಕ್ಕೆ ಓಡಿ ಸಂಜೆ ತುರೈಫ್ ತಲುಪಿದೆವು. ಸುದ್ದಿ ತಿಳಿದಿದ್ದ ಭಾವ ಕಂಬಳಿಗಳನ್ನು ಹೊತ್ತು ಬೀದಿಯಲ್ಲೇ ಕಾಯುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಅಕ್ಕ ಬಿಡಬೇಕಲ್ಲ! "ಇಷ್ಟೇನಾ ನಿಮ್ಮ ಚಳಿ?" ಎಂದಳು. ಭಾವ ಫರ್ವಾ ಬಿಚ್ಚಿ ಅವಳಿಗೆ ಹೊದಿಸಿ, ತಾವು ಬರೇ ಅಂಗಿ ಲುಂಗಿಯಲ್ಲಿ ನಡುಗುತ್ತ ಒಳಗೆ ಕರೆದುಕೊಂಡು ಹೋದರು.

ಮರುದಿನ ನಾನು ಹೊರಡುವವನಿದ್ದೆ. ಊಟಕ್ಕೆ ಮುಂಚೆ, ನನ್ನ ಕಾರಿನ ಬ್ಯಾಟರಿ ನೋಡುವ ನೆಪದಲ್ಲಿ ಭಾವ ನನ್ನನ್ನು ಹೊರಗೆ ಕರೆದರು. ಬಾನೆಟ್ ಎತ್ತಿ ಒಳಗೆ ತಲೆ ಹಾಕಿದವರು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಈಗಲಾದರೂ ಒಪ್ಪಿಕೊಳ್ಳಿ ಭಾವ, ಅಕ್ಕನಿಗೆ ಚಳಿ ಎಂತದೂ ಮಾಡಲಿಲ್ಲ" ಎಂದು ಕೆಣಕಿದೆ.

"ಚಳಿಯದ್ದಲ್ಲ ಮಾರಾಯ" ಎಂದರು, ಬ್ಯಾಟರಿಯನ್ನೇ ನೋಡುತ್ತ. "ಚಳಿ ನನಗೆ ಅಭ್ಯಾಸ ಆಗಿದೆ. ಒಬ್ಬನೇ ಇರುವುದೂ ಅಭ್ಯಾಸ ಆಗಿದೆ. ಇವಳು ಬಂದು ನಾಲ್ಕು ದಿನ ಇದ್ದು ಹೋದರೆ ಆ ಅಭ್ಯಾಸ ತಪ್ಪಿಹೋಗ್ತದೆ. ಮತ್ತೆ ಈ ಕೋಣೆಯಲ್ಲಿ ನಾನು ಇರುವುದು ಹೇಗೆ?"

ನಾನು ಹಿಂತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, ಗದರಿಸುವ ದನಿಯಲ್ಲೇ ಗಂಡನನ್ನು ಕರೆದಳು:

"ಹೋಗುವ ದಿನ ಇಬ್ಬರೂ ಕೂತು ಅಳುವ. ಈಗ ಬನ್ನಿ, ಅನ್ನ ತಣಿಯುತ್ತದೆ."