ಷಡ್ಡಕ ಮಾಡಿಕೊಟ್ಟ ಪೌತಿ ಖಾತೆ

ಹೊಟ್ಟೆಕಿಚ್ಚಿಗೆ ದೂರ ಪ್ರಯಾಣ ಮಾಡುವ ಶಕ್ತಿ ಇಲ್ಲವೆಂಬುದು ನನ್ನ ಅನುಭವ. ಜಗತ್ತಿನ ದೊಡ್ಡ ದೊಡ್ಡ ಶ್ರೀಮಂತರನ್ನು ಕಂಡು ನನಗೆ ಎಂದೂ ಏನೂ ಆಗಿಲ್ಲ. ಅವರಿಗೆ ಸ್ವಂತ ವಿಮಾನವಿದ್ದರೆ ಇರಲಿ, ಅದನ್ನು ನಿಲ್ಲಿಸಲು ಜಾಗ ಹುಡುಕುವ ತಲೆನೋವೂ ಅವರದೇ. ನನ್ನ ಹೊಟ್ಟೆಕಿಚ್ಚು ಕಡೂರಿನಲ್ಲಿ ಬಸ್ಸು ಹತ್ತಿದರೆ ತರೀಕೆರೆಯಲ್ಲಿ ಇಳಿದುಬಿಡುತ್ತದೆ. ಅಲ್ಲಿ ನನ್ನ ಷಡ್ಡಕ ಮಂಜುನಾಥ, ಅಂದರೆ ನನ್ನ ಹೆಂಡತಿ ಸುಮಳ ತಂಗಿಯ ಗಂಡ, ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯವನು. ಬಾಯಿ ತುಂಬ ‘ಅಣ್ಣ’ ಎನ್ನುತ್ತಾನೆ. ಬೀಡಿ ಸಿಗರೇಟು ಮುಟ್ಟುವುದಿಲ್ಲ, ಊಟಕ್ಕೆ ಕೂತರೆ ಉಪ್ಪು ಕಮ್ಮಿ ಎನ್ನುವುದಿಲ್ಲ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸವೆಂಬುದು ಪಟ್ಟವರಿಗೇ ಗೊತ್ತು.

ನಾನು ಕಡೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಸಖರಾಯಪಟ್ಟಣದಲ್ಲಿರುವ ನಮ್ಮ ಮಾವನಿಗೆ ಇಬ್ಬರು ಹೆಣ್ಣುಮಕ್ಕಳೇ. ಹಾಗಾಗಿ ಟೀವಿ ಮಂಕಾದರೂ, ಮೊಬೈಲಿನಲ್ಲಿ ಅಕ್ಷರ ಸಣ್ಣದಾದರೂ, ಮೊದಲ ಫೋನು ಹಿರಿಯಳಿಯನಾದ ನನಗೇ ಬರುತ್ತಿತ್ತು. ನಾನೇನು ಮಹಾ ಪರಿಹಾರ ಹೇಳುತ್ತಿದ್ದೆ ಎಂದಲ್ಲ. ಒಮ್ಮೆ ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದೆ, ಹೆಚ್ಚಿನ ಸಲ ಸರಿಹೋಗುತ್ತಿತ್ತು. ಕಾಲೇಜಿನಲ್ಲಿ ನನ್ನ ಮಾತನ್ನು ಯಾರೂ ಹೀಗೆ ನಂಬಿದ್ದಿಲ್ಲ. ಆ ಮೊದಲ ಫೋನನ್ನು ನಾನು ಎಷ್ಟು ಜೋಪಾನವಾಗಿ ಕಾಪಾಡಿಕೊಂಡಿದ್ದೆನೆಂದರೆ, ಪಾಠದ ನಡುವೆ ಬಂದರೂ ಹೊರಗೆ ಹೋಗಿ ಎತ್ತುತ್ತಿದ್ದೆ.

ಮಾವ ಮತ್ತು ಅಕ್ಕಪಕ್ಕದ ತೋಟದವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಮರ ಹತ್ತುವವರು ಈಗ ಸಿಗುವುದೇ ಕಷ್ಟ. ಅಜ್ಜಂಪುರದ ಕಡೆಯಿಂದ ರುದ್ರೇಶಿ ಎಂಬುವನ ತಂಡ ಬಂದು ಸರದಿಯ ಮೇಲೆ ಎಲ್ಲರ ತೋಟದ ತೆಂಗಿನಕಾಯಿ ಕಿತ್ತುಕೊಡುತ್ತದೆ. ಸರದಿ ಮಾವನ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ನಾನು ಪೈಥಾನ್ ಭಾಷೆಯ ಜಾಂಗೋ ಎಂಬ ಚೌಕಟ್ಟಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟೆ. ಇದರಲ್ಲಿ ಮಾಡೆಲ್, ವ್ಯೂ ಎಂದು ಎರಡು ಇರುತ್ತವೆ. ಮಾಡೆಲ್ ಎಂದರೆ ಅಡುಗೆಮನೆಯ ಡಬ್ಬಿಗಳು, ಯಾವುದರಲ್ಲಿ ಏನಿದೆ ಎಂಬ ವ್ಯವಸ್ಥೆ. ವ್ಯೂ ಎಂದರೆ ಡಬ್ಬಿಯಿಂದ ತೆಗೆದು ತಟ್ಟೆಗೆ ಬಡಿಸುವ ಕೈ. ಸದಸ್ಯರದೊಂದು ಡಬ್ಬಿ, ಅವರವರ ತೋಟಗಳದೊಂದು ಡಬ್ಬಿ. ಮಾವ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮೊಬೈಲ್ ತೆಗೆದು, ನಮ್ಮ ಹಿರಿಯಳಿಯಂದಿರು ಮಾಡಿದ್ದು ಎಂದು ತೋರಿಸುತ್ತಿದ್ದರಂತೆ. ಮುಂದಿನ ಮೂರು ತಿಂಗಳು ನನಗೆ ತರೀಕೆರೆಯ ನೆನಪೇ ಆಗಲಿಲ್ಲ.

ಅಷ್ಟರಲ್ಲಿ ಗುಂಪಿನ ಹಿರಿಯರಾದ ಸಿದ್ದಪ್ಪನವರು ತೀರಿಕೊಂಡರು. ತಿಥಿ ಮುಗಿದ ಮೇಲೆ, ಅವರ ಹೆಸರು ತೆಗೆದುಬಿಡಿ ಎಂದು ಮಾವ ಹೇಳಿದರು. ತೆಗೆಯಲು ಹೋದರೆ ಯಂತ್ರ, ‘ಖಚಿತವೇ? ಇದರ ಜೊತೆಗೆ ಇವೆಲ್ಲವೂ ಅಳಿಸಿಹೋಗುತ್ತವೆ’ ಎಂದು ಒಂದು ಪಟ್ಟಿಯನ್ನೇ ಮುಂದಿಟ್ಟಿತು. ಪ್ರಶ್ನೆಪತ್ರಿಕೆಯನ್ನು ಎರಡೆರಡು ಸಲ ಓದಿ ಎಂದು ಮಕ್ಕಳ ಪ್ರಾಣ ತಿನ್ನುವ ನಾನು ಒಂದು ಸಲವೂ ಓದದೆ ‘ಹೌದು’ ಒತ್ತಿದೆ. ನಾಲ್ಕು ದಿನದ ಮೇಲೆ ರುದ್ರೇಶಿ ಬಂದು ಮೊಬೈಲ್ ನೋಡಿಕೊಂಡು, ಪಟ್ಟಿಯಲ್ಲಿಲ್ಲದ ಸಿದ್ದಪ್ಪನವರ ಮಕ್ಕಳ ತೋಟಗಳನ್ನು ದಾಟಿ ಮುಂದೆ ಹೋದ. ಅಪ್ಪ ಹೋಗಿ ತಿಂಗಳಾಗಿಲ್ಲ, ಆಗಲೇ ನಮ್ಮನ್ನು ಗುಂಪಿನಿಂದ ಹೊರಗೆ ಹಾಕಿದರು ಎಂದು ಅವರ ನಾಲ್ವರು ಮಕ್ಕಳೂ ಮಾವನ ಜೊತೆ ಮಾತು ಬಿಟ್ಟರು. ನಲವತ್ತು ವರ್ಷದ ನೆರೆಹೊರೆ, ನನ್ನ ಒಂದು ಬೆರಳಿನಿಂದ ಹಾಳಾಗುವ ಹಾಗಾಯಿತು.

ನಾನು ಧೈರ್ಯಗೆಡಲಿಲ್ಲ. ಪುಟದಲ್ಲಿ ತೋಟ ಕಾಣದಿದ್ದರೆ ತೋರಿಸುವವನದೇ ತಪ್ಪು ಎಂದು ವ್ಯೂ ಬಿಚ್ಚಿ ಕೂತೆ. ಎರಡು ದಿನ ಅದನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ತಟ್ಟೆಗೆ ಸಾರು ಬೀಳದಿದ್ದರೆ ಪಾತ್ರೆ ಬಗ್ಗಿ ನೋಡುವುದು ಬಿಟ್ಟು ಬಡಿಸುವವಳ ಕೈ ಬೈಯುವವರಿಲ್ಲವೇ, ನಾನು ಆ ಜಾತಿ. ಕೊನೆಗೆ ಮಾವನೇ ಫೋನು ಮಾಡಿ, ಬಹಳ ಮೆತ್ತಗೆ, “ಅಳಿಯಂದ್ರೇ, ಮಂಜಣ್ಣಂಗೂ ಒಂದ್ ಮಾತು ಕೇಳಿ ನೋಡ್ಲಾ?” ಎಂದರು. ಮೋಟಾರಿಗೆ ತಂತಿ ಸುತ್ತುವವನಿಗೆ ಇದೇನು ತಿಳಿಯುತ್ತದೆ ಎಂದು ನಾನು ನಕ್ಕೆ. ಅಂಗಡಿಗೆ ಬಂದ ಮೋಟಾರುಗಳ ಲೆಕ್ಕ ಇಡಲು ಅವನು ವಿಡಿಯೋ ನೋಡಿಕೊಂಡೇ ಜಾಂಗೋ ಕಲಿತಿದ್ದಾನೆ ಎಂಬುದು ಸುಮಳಿಗೆ ಮೊದಲೇ ಗೊತ್ತಿತ್ತಂತೆ. ಹೇಳಿದರೆ ನೀವು ಊಟ ಬಿಡುತ್ತೀರಿ ಅಂತ ಹೇಳಲಿಲ್ಲ ಎಂದಳು.

ಭಾನುವಾರ ಮಾವನ ಮನೆಯಲ್ಲಿ ಸೇರಿದೆವು. ಮಂಜುನಾಥ ಲ್ಯಾಪ್‌ಟಾಪ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಸುಟ್ಟ ಮೋಟಾರ್ ತಂದವರಿಗೂ ಅವನು ಅದನ್ನೇ ಕೇಳುತ್ತಾನಂತೆ: “ಅಣ್ಣ, ಕೆಡೋಕ್ ಮುಂಚೆ ಕೊನೇಗೆ ಏನ್ ಮಾಡಿದ್ರಿ?” ನಾನು ಸಿದ್ದಪ್ಪನವರ ವಿಷಯ ಹೇಳಿದೆ. ಅವನು ನೇರವಾಗಿ ಮಾಡೆಲ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಸದಸ್ಯ ಹೋದರೆ ಅವನ ಹೆಸರಿನಲ್ಲಿರುವುದೆಲ್ಲ ಹೋಗಲಿ ಎಂದು ನಾನೇ ಬರೆದ ಸಾಲು, ಕ್ಯಾಸ್ಕೇಡ್. ಮಕ್ಕಳು ಭಾಗವಾಗಿ ಇಪ್ಪತ್ತು ವರ್ಷವಾಗಿದ್ದರೂ ನಾಲ್ವರ ತೋಟವೂ ನೋಟ್‌ಬುಕ್ಕಿನಲ್ಲಿ ಅಪ್ಪನ ಹೆಸರಲ್ಲೇ ಇತ್ತು, ನಾನು ಹಾಗೇ ಇಳಿಸಿಕೊಂಡಿದ್ದೆ. ಅಪ್ಪನನ್ನು ಅಳಿಸಿದೆ, ನಾಲ್ಕು ತೋಟ ಹೋಯಿತು.

“ನಮ್ಮಜ್ಜ ಸತ್ತು ಐವತ್ ವರ್ಷ ಆಯ್ತು. ಪಹಣೀಲಿ ಇನ್ನೂ ಅವನ ಹೆಸ್ರೇ ಐತೆ. ಜಮೀನ್ ಎಲ್ಲಾದ್ರೂ ಹೋಯ್ತಾ ಅಳಿಯಂದ್ರೇ?” ಎಂದರು ಮಾವ.

ಮಂಜುನಾಥ ಕ್ಯಾಸ್ಕೇಡ್ ತೆಗೆದು ಪ್ರೊಟೆಕ್ಟ್ ಎಂದು ಹಾಕಿದ. ಇನ್ನು ಮೇಲೆ ಯಾರ ಹೆಸರಿನ ಮೇಲೆ ಏನಾದರೂ ನಿಂತಿದೆಯೋ ಅವರನ್ನು ಅಳಿಸಲು ಯಂತ್ರ ಬಿಡುವುದಿಲ್ಲ. ಹೆಸರಿನ ಮುಂದೆ ‘ಈಗ ಇಲ್ಲ’ ಎಂದು ಗುರುತು ಹಾಕಿ, ತೋಟವನ್ನು ವಾರಸುದಾರರಿಗೆ ವರ್ಗ ಮಾಡಬೇಕು. ತಾಲ್ಲೂಕು ಕಚೇರಿಯಲ್ಲಿ ಸತ್ತವರ ಜಮೀನನ್ನು ಮಕ್ಕಳ ಹೆಸರಿಗೆ ಮಾಡುವ ಪೌತಿ ಖಾತೆ ಇದೆಯಲ್ಲ, ಇದೂ ಅದೇ ಎಂದು ಮಾವನಿಗೆ ವಿವರಿಸಿದ. ಮಾವನ ಮುಖ ಅರಳಿತು. ಸಿದ್ದಪ್ಪನವರ ಹೆಸರನ್ನೂ ಹೋದ ತೋಟಗಳನ್ನೂ ಹಳೇ ನೋಟ್‌ಬುಕ್ ನೋಡಿ ಇಬ್ಬರೂ ಮತ್ತೆ ತುಂಬಿದರು. ಸಂಜೆಯ ಹೊತ್ತಿಗೆ ಸಿದ್ದಪ್ಪನವರ ಹಿರಿಮಗ ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿದ. ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ಆಗಲಿಲ್ಲ.

ಆಮೇಲೆ ಒಂದು ವಾರ ನಾನು ಅವನ ಕೆಲಸದಲ್ಲಿ ಹುಳುಕು ಹುಡುಕಿದೆ. ಉತ್ತರಪತ್ರಿಕೆಗಳನ್ನೂ ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ ನಾನು. ಕೊನೆಗೆ ಸಿಕ್ಕಿತು. ಅವನು ವ್ಯೂನಲ್ಲಿ ಸತ್ತವರನ್ನು ಸೋಸುವುದನ್ನು ಮರೆತಿದ್ದ. ಪುಟದ ತಳದಲ್ಲಿ ಸಿದ್ದಪ್ಪನವರ ಹೆಸರು ಬೂದು ಬಣ್ಣದಲ್ಲಿ ಹಾಗೇ ಕಾಣುತ್ತಿತ್ತು. ತಕ್ಷಣ ಮಾವನಿಗೆ ಫೋನು ಮಾಡಿ, ನೋಡಿ, ಸತ್ತವರೂ ಪಟ್ಟಿಯಲ್ಲಿದ್ದಾರೆ, ಇದು ದೊಡ್ಡ ದೋಷ ಎಂದೆ. ನನ್ನ ದನಿಯಲ್ಲಿದ್ದ ಉತ್ಸಾಹ ನನಗೇ ಕೇಳಿಸಿತು.

“ಇರ್ಲಿ ಬಿಡಿ ಅಳಿಯಂದ್ರೇ. ಸಿದ್ದಪ್ಪನೋರ ಹೆಂಡ್ತಿ ಗೌರಮ್ಮ ನಿನ್ನೆ ಬಂದು ಗಂಡನ ಹೆಸ್ರು ನೋಡ್ಕೊಂಡ್ ಹೋದ್ಳು,” ಎಂದರು ಮಾವ. “ನಾನೇ ಮಂಜಣ್ಣಂಗೆ ಹೇಳಿ ಹಾಕ್ಸಿದ್ದು.”

ಫೋನಿಟ್ಟು ಪುಟವನ್ನು ಇನ್ನಷ್ಟು ಕೆಳಗೆ ಸರಿಸಿದೆ. ಅಲ್ಲಿ ‘ನೋಡಿಕೊಳ್ಳುವವರು’ ಎಂಬ ತಲೆಬರಹದಡಿ ಮಂಜುನಾಥನ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ನನ್ನದು, ಸಿದ್ದಪ್ಪನವರದೇ ಬೂದು ಬಣ್ಣದಲ್ಲಿ. ರೋಷ ಬಂತು. ಹಳೆಯ ಪಾಸ್‌ವರ್ಡ್ ಇನ್ನೂ ನಡೆಯುತ್ತಿತ್ತು. ಒಳಗೆ ಹೋಗಿ ನನ್ನ ಹೆಸರನ್ನು ನಾನೇ ಅಳಿಸಲು ಒತ್ತಿದೆ. ‘ಅಳಿಸಲಾಗದು. ಈ ಹೆಸರಿನ ಮೇಲೆ ಇವೆಲ್ಲ ನಿಂತಿವೆ’ ಎಂದು ಯಂತ್ರ ಒಂದು ಪಟ್ಟಿ ಕೊಟ್ಟಿತು. ಸದಸ್ಯರು, ತೋಟಗಳು, ಸರದಿಗಳು, ನಾನು ಕೂತು ಸೇರಿಸಿದ ಒಂದೊಂದೂ ಅದರಲ್ಲಿತ್ತು. ಆ ಪಟ್ಟಿಯನ್ನು ಮಾತ್ರ ನಾನು ಎರಡು ಸಲ ಓದಿದೆ.