ಕಾಕಾನ ಮುಕ್ಕಾಲು ಗಂಟೆಯ ಚಹಾ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅದನ್ನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ಅವರ ಅಪಾರ್ಟ್‌ಮೆಂಟಿನವರು ಆಗಲೇ ಹೇಳಿ ಮುಗಿಸಿದ್ದಾರೆ. ನನ್ನ ತಕರಾರೇ ಬೇರೆ. ಮನೆಗೆ ಬಂದವರಿಗೆ ಚಹಾ ಕೊಡಲು ಯಾರಾದರೂ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆಯೇ? ಅದೂ ಧಾರವಾಡದವರಾಗಿ, ಗುಜರಾತಿನಲ್ಲಿ ಕೂತು! ಇಲ್ಲಿ ಮೂಲೆಮೂಲೆಗೂ ಶುಂಠಿ ಜಜ್ಜುವ ಸದ್ದು. ನೀವು ಸ್ಕೂಟರಿನ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಚಹಾ ಕೈಗೆ ಬಂದಿರುತ್ತದೆ.

ಕಾಕಾ ನನ್ನ ತಂದೆಯ ತಮ್ಮ. ಸಂಶೋಧನಾ ಸಂಸ್ಥೆಯೊಂದರಲ್ಲಿ ಉಪಗ್ರಹಗಳ ಜಾಡು ಹಿಡಿಯುವ ಕೆಲಸ ಮಾಡಿ ನಿವೃತ್ತರಾದವರು. ಆಕಾಶದಲ್ಲಿ ಯಾವ ಉಪಗ್ರಹ ಎಲ್ಲಿದೆ ಎಂದು ಹೇಳುತ್ತಿದ್ದ ಈ ಮನುಷ್ಯನಿಗೆ ಅಡುಗೆಮನೆಯಲ್ಲಿ ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಮೂವತ್ತೈದು ವರ್ಷ ಗೊತ್ತಿರಲಿಲ್ಲ. ಅದೆಲ್ಲ ಕಾಕಿಯ ಪಾಲಿನ ಕೆಲಸ.

ಅವರ ಮೇಲಿನ ಮಹಡಿಗೆ ಜಪಾನಿನ ದಂಪತಿ ಬಂದರು. ಗಂಡನಿಗೆ ಕಾರು ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ, ತಮ್ಮ ದೇಶದ ಪದ್ಧತಿಯಲ್ಲಿ ಚಹಾ ಮಾಡುವುದನ್ನು ಶನಿವಾರಗಳಂದು ಕಲಿಸುವುದಾಗಿ ಲಿಫ್ಟಿನಲ್ಲಿ ಚೀಟಿ ಅಂಟಿಸಿದರು. ನಾಲ್ವರು ಗುಜರಾತಿ ಹೆಂಗಸರು ಸೇರಿದರು. ಐದನೆಯವರು ನಮ್ಮ ಕಾಕಾ! ಇದಕ್ಕಿಂತ ಗರ್ಬಾ ಕುಣಿಯುವುದೇ ಸುಲಭ ಎಂದು ಆ ನಾಲ್ವರೂ ಒಂದೇ ತಿಂಗಳಲ್ಲಿ ಬಿಟ್ಟರು. ಕಾಕಾ ಬಿಡಲಿಲ್ಲ. ಮೊದಲ ಮೂರು ತಿಂಗಳು ಆ ಜಪಾನಿ ಗುರು ಅವರಿಗೆ ಚಹಾ ಮುಟ್ಟಲೂ ಕೊಡಲಿಲ್ಲ. ಬರೀ ಒಂದು ರೇಷ್ಮೆ ಕರವಸ್ತ್ರ ಮಡಚುವುದನ್ನು ಕಲಿಸಿದರು. ಮದುವೆಯಾದಾಗಿನಿಂದ ತನ್ನ ಒಂದು ಅಂಗಿಯನ್ನೂ ಮಡಚಿಡದ ಮನುಷ್ಯನಿಗೆ!

ಆಮೇಲೆ ಋತುಗಳ ಕಾಟ ಶುರುವಾಯಿತು. ಚಹಾಕ್ಕೆ ಮೊದಲು ಗೋಡೆಯ ಗೂಡಿನಲ್ಲಿ ಆಯಾ ಋತುವಿನ ಒಂದೇ ಒಂದು ಹೂವು ಇಡಬೇಕು, ಆಯಾ ಋತುವಿನ ಸಿಹಿ ಕೊಡಬೇಕು. ಗಾಳಿಪಟದ ಹಬ್ಬದ ವಾರ ಎಳ್ಳಿನ ಚಿಕ್ಕಿ ಕೊಟ್ಟರು. ನಾನು ಕಚ್ಚಿದೆ. ಕಟಕ್ ಎಂದಿತು. ಕಾಕಾ ನನ್ನನ್ನು ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಬಂದವಳಂತೆ ನೋಡಿದರು. ಚಿಕ್ಕಿಯನ್ನು ಸದ್ದಿಲ್ಲದೆ ತಿನ್ನುವುದು ಹೇಗೆಂದು ಯಾವ ಗುರು ಕಲಿಸಿದ್ದಾರೆ? ಬಾಯಲ್ಲಿಟ್ಟುಕೊಂಡು ಕರಗುವ ತನಕ ಮೂಕಿಯಂತೆ ಕೂತೆ.

ಮೇ ತಿಂಗಳಲ್ಲಿ ಹೋದರೆ ಇನ್ನೂ ಚಂದ. ಹೊರಗೆ ಡಾಂಬರು ಕರಗುತ್ತಿದೆ. ಒಳಗೆ ಕಾಕಾ ಫ್ಯಾನ್ ಆರಿಸಿ, ಇದ್ದಿಲ ಒಲೆಯ ಮುಂದೆ ಮಂಡಿಯೂರಿದ್ದಾರೆ. ಗಾಳಿಗೆ ಬೂದಿ ಹಾರುತ್ತದಂತೆ. ಸೆಕೆ ಎಂದು ನಾನು ಗೊಣಗಿದೆ.

"ನೀರು ಸುರಿಯೂ ಸಪ್ಪಳ ಕೇಳು," ಎಂದರು, "ತಂಪಾಗ್ತದ."

ಕೇಳಿದೆ. ಸುರಿಯುತ್ತಿದ್ದದ್ದು ನನ್ನ ಬೆವರು.

ಬಟ್ಟಲಿನ ಕಥೆಯನ್ನು ಯಾರ ಮುಂದೆ ಹೇಳಿಕೊಳ್ಳಲಿ? ವಡೋದರಾದಲ್ಲಿ ಒಬ್ಬಾಕೆ ಮಣ್ಣಿನ ಪಾತ್ರೆ ಮಾಡುತ್ತಾಳೆಂದು ತಿಳಿದು, ನನಗೆ ಸಿಗುವ ಒಂದೇ ರಜೆಯಲ್ಲಿ ನನ್ನ ಕೈಯಲ್ಲೇ ಕಾರು ಓಡಿಸಿಕೊಂಡು ಅಲ್ಲಿಗೆ ಹೋದರು. ಆಕೆ ಗುಂಡಗೆ, ನುಣ್ಣಗೆ ಮಾಡಿದ ಬಟ್ಟಲುಗಳನ್ನು ಸಾಲಾಗಿ ಇಟ್ಟಳು. ಕಾಕಾ ಒಂದನ್ನೂ ಮುಟ್ಟದೆ ಹಿತ್ತಲಿಗೆ ಹೋಗಿ, ಅವಳು ಕೆಟ್ಟಿತೆಂದು ಬಿಸಾಕಿದ್ದ ರಾಶಿಯಿಂದ ಒಂದು ಸೊಟ್ಟ ಬಟ್ಟಲು ಎತ್ತಿಕೊಂಡು ಬಂದರು. ಆಕೆಗೆ ನಾಚಿಕೆ, ನನಗೆ ಸಿಟ್ಟು, ಕಾಕಾನಿಗೆ ಮಾತ್ರ ಪರಮಾನಂದ. ತಿರುಗಿ ಬರುವಾಗ ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬ್ರೇಕ್ ಹಾಕಿದಾಗಲೆಲ್ಲ ಬೈಸಿಕೊಂಡವಳು ನಾನು.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಕಳೆದ ಚಳಿಗಾಲದಲ್ಲಿ ಆಯಿತು. ನನ್ನ ಮಗಳು ಸೂರತ್‌ನ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಹುಡುಗನ ತಂದೆಗೆ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಮಾಡುವ ಕಾರ್ಖಾನೆ. ಗಂಡಹೆಂಡತಿ ಮಾತುಕತೆಗೆ ಬರುತ್ತೇವೆಂದರು. ಹಿರಿಯರ ಮನೆಯಲ್ಲೇ ಮೊದಲ ಭೇಟಿ ಆಗಲಿ ಎಂದು ಕಾಕಾ ಹಟ ಹಿಡಿದರು. ಒಪ್ಪಿದ್ದು ನನ್ನ ತಪ್ಪು.

ಐದು ತಾಸು ಪ್ರಯಾಣ ಮಾಡಿ ಬಂದವರನ್ನು ಚಾಪೆಯ ಮೇಲೆ ಕಾಕಿಯ ಪಕ್ಕದಲ್ಲಿ ಕೂಡಿಸಿ, ಮಾತಾಡಬಾರದೆಂದು ಸನ್ನೆ ಮಾಡಿ, ಕಾಕಾ ಕರವಸ್ತ್ರ ಮಡಚತೊಡಗಿದರು. ಅರ್ಧ ಗಂಟೆಗೆ ಹುಡುಗನ ತಾಯಿಯ ಕಾಲು ಜೋಮು ಹಿಡಿಯಿತು. ಕೊನೆಗೂ ಕಾಕಾ ಹಸಿರು ಪುಡಿಗೆ ಬಿಸಿನೀರು ಸುರಿದು, ಪುಟ್ಟ ಕಡಗೋಲಿನಂಥ ಬಿದಿರ ಕಡ್ಡಿಯಿಂದ ನೊರೆ ಬರಿಸಿ, ಸೊಟ್ಟ ಬಟ್ಟಲನ್ನು ಗಂಡಿನ ತಂದೆಯ ಮುಂದಿಟ್ಟು ಬಾಗಿದರು. ಅವರು ಕುಡಿದರು. ಬೇವು ಜಗಿದವರ ಮುಖ ಮಾಡಿದರು. ಬಟ್ಟಲನ್ನು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ ಜೇಬಿನಿಂದ ವಜ್ರ ನೋಡುವ ಭೂತಗನ್ನಡಿ ತೆಗೆದು, ಕಣ್ಣಿಗೆ ಒತ್ತಿಕೊಂಡು ಬಟ್ಟಲಿನ ಅಂಚು ಪರೀಕ್ಷಿಸಿ, ಇದಕ್ಕಿನ್ನೂ ಪಾಲಿಶ್ ಬಾಕಿ ಇದೆ ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟರು.

ನಾನು ನೆಲಕ್ಕಿಳಿದುಹೋದೆ. ಕಾಕಾನ ಕಣ್ಣಿನಲ್ಲಿ ನೀರು! ಕುಡಿದ ಮೇಲೆ ಬಟ್ಟಲನ್ನು ಹೀಗೆಯೇ ನೋಡಬೇಕಂತೆ. ಮೂರು ವರ್ಷದಲ್ಲಿ ಸರಿಯಾಗಿ ನೋಡಿದ ಅತಿಥಿ ಇವರೊಬ್ಬರೇ ಅಂತೆ.

ಬೀಗರಾಗಬೇಕಾದವರು ಫೋನ್ ಮಾಡುತ್ತೇವೆಂದು ಹೇಳಿ ಲಿಫ್ಟ್ ಹತ್ತಿದರು. ಸಂಬಂಧವೇನೋ ಕೂಡಿತು, ಬಟ್ಟಲಿನ ಮಾತನ್ನು ಅವರು ಇಂದಿಗೂ ಎಲ್ಲರಿಗೂ ಹೇಳುತ್ತಾರೆ. ಆದರೆ ಅಂದು ನನಗೇನು ಗೊತ್ತು? ಬಾಗಿಲು ಹಾಕಿದವಳೇ ಕಾಕಾನ ಮೇಲೆ ಹರಿಹಾಯ್ದೆ. ಈ ಹುಚ್ಚಿಗೆ ನನ್ನ ಮಗಳ ಬಾಳನ್ನೂ ಬಲಿ ಕೊಡುತ್ತೀರಾ, ನಾಲ್ಕು ಜನರಂತೆ ಕಪ್ಪಿನಲ್ಲಿ, ಬಸಿಯ ಮೇಲಿಟ್ಟು ಚಹಾ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆಲ್ಲ ಕೂಗಾಡಿದೆ. ಅವರು ಬಟ್ಟಲು ತೊಳೆಯಲು ಹೋದರು.

ಕಾಕಿ ನನ್ನನ್ನು ಒಳಕೋಣೆಗೆ ಕರೆದರು. ಎರಡೂ ಕೈಯನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ಅದುರುತ್ತಿದ್ದವು.

"ನಾಕ ವರ್ಷ ಆತವಾ. ಯಾರ ಮನಿಗೆ ಹೋದ್ರೂ ಕಪ್ಪು ಬಸಿ ಕಟಕಟಾ ಅಂತಿದ್ವು. ಎಲ್ಲಾರೂ ನನ್ನ ಕೈನ ನೋಡತಿದ್ರು. ಹೋಗೂದ ಬಿಟ್ಟೆ. ಈ ಚಹಾ ಎಲ್ಲಾರೂ ಎರಡೂ ಕೈಲೆ ಹಿಡೀತಾರ, ಎಲ್ಲಾರೂ ಸಾವಕಾಶ ಎತ್ತತಾರ. ಅವರೊಳಗ ನಾನೂ ಒಬ್ಬಾಕಿ. ಅದಕ್ಕ ಕಲತಾರ ಅವರು. ಬೈಬ್ಯಾಡ."

ಒಂದೇ ಊರಿನಲ್ಲಿದ್ದು, ವಾರ ವಾರ ಬಂದು, ಕಾಕಾನ ಹುಚ್ಚನ್ನು ನೋಡುವುದರಲ್ಲಿ ನಾನು ಕಾಕಿಯ ಕೈ ನೋಡಿರಲೇ ಇಲ್ಲ.

ಕಾಕಾ ಬಾಗಿಲಿಗೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ. "ನೀರು ಇನ್ನೂ ಬಿಸಿ ಅದ," ಎಂದರು. "ಇಬ್ಬರೂ ಕೂಡತೀರೇನು?"

ಕೂತೆವು. ಈ ಸಲ ಅವರು ಮಾಡಿದ್ದು ಒಂದೇ ಬಟ್ಟಲಿನಿಂದ ಎಲ್ಲರೂ ಹಂಚಿಕೊಂಡು ಕುಡಿಯುವ ಗಟ್ಟಿ ಚಹಾ. ಕಾಕಿ ಮೊದಲು ಕುಡಿದರು. ಅಂಚನ್ನು ಒರೆಸಿ ನನ್ನತ್ತ ಚಾಚಿ, ಎಂಜಲಾಯಿತಲ್ಲ ಎಂದು ಅನುಮಾನಿಸಿದರು. ನಾನು ಅವರ ಕೈಗಳ ಕೆಳಗೆ ನನ್ನೆರಡೂ ಕೈ ಕೊಟ್ಟೆ. ಬಟ್ಟಲು ನಡುಗಿತು. ಯಾರ ಕೈಯಿಂದ ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.