ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ಅಮ್ಮ

ಅಮ್ಮನನ್ನು ಹೇಗೆ ನೋಡಿಕೊಳ್ಳಬೇಕು ಎಂದು ನಮ್ಮ ಮಾವನಷ್ಟು ಸೊಗಸಾಗಿ ಪಾಠ ಹೇಳುವವರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರು ಜಾಲಾಡಿದರೂ ಸಿಗುತ್ತಿರಲಿಲ್ಲ. ಸ್ವಂತ ಅಮ್ಮನ ಜೊತೆ ಅವರಷ್ಟು ಸೊಗಸಾಗಿ ಜಗಳ ಆಡುವವರೂ ಸಿಗುತ್ತಿರಲಿಲ್ಲ!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಎಪ್ಪತ್ತರ ದಶಕದ ಮಾತು. ಕಡೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಮನೆಯಲ್ಲಿ ಬಯ್ಯುವುದಕ್ಕೆ ಒಬ್ಬರು ಸಾಕು ಎನ್ನುತ್ತಿದ್ದರು. ಆ ಒಬ್ಬರು ನನ್ನ ಅಜ್ಜಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಿಗ್ಗೆ ನಮಗೆ ಎಚ್ಚರವಾಗುತ್ತಿದ್ದುದೇ ತಾಯಿ ಮಗನ ವಾಗ್ವಾದಕ್ಕೆ. ಕಾಫಿಗೆ ಸಕ್ಕರೆ ಹೆಚ್ಚಾಯಿತು ಎಂದು ಶುರುವಾದ ಜಗಳ ಅಂಗಿಯ ಗುಂಡಿ, ಕಳೆದುಹೋದ ಛತ್ರಿ, ಆಗದ ಮದುವೆ ಎಲ್ಲವನ್ನೂ ಸುತ್ತಿಕೊಂಡು ಮತ್ತೆ ಸಕ್ಕರೆಗೇ ಬಂದು ನಿಲ್ಲುತ್ತಿತ್ತು.

ಇಂಥ ಮಾವ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಪುಟ್ಟ ಚರ್ಚಿನ ಜಗಲಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಅದರ ಕ್ರಮವೂ ರೈಲ್ವೆಯದೇ. ಶುರುಮಾಡಲು ಸೀಟಿ. ಸರಿಯುತ್ತರಕ್ಕೆ ಹಸಿರು ಬಾವುಟ, ತಪ್ಪಿಗೆ ಕೆಂಪು. ಬಾವುಟ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ರೈಲುಗಳು ಹೇಗೋ ಓಡುತ್ತಿದ್ದವಲ್ಲ!

ಮಗನ ಜೊತೆ ಮನೆಗೆ ಹೋಗಬೇಕಾಗಿದ್ದ ಅಜ್ಜಿ ಅಲ್ಲೇ ಹಿಂದಿನ ಬೆಂಚಿನಲ್ಲಿ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಿರುತ್ತಿದ್ದಳು. ತೊಂದರೆ ಇದ್ದದ್ದೇ ಅಲ್ಲಿ. ಒಂದು ದಿನ ಮಾವ, ತಾಯಿ ಮಾಡಿದ ಅಡಿಗೆಗೆ ಹೆಸರಿಡುವುದು ದೇವರಿಗೆ ಮೆಚ್ಚುಗೆಯಲ್ಲ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು.

"ನಿನ್ನೆ ಸಾರು ನೀರಾಗ್ಯದೆ ಅಂದೋರ್ಯಾರು?" ಎಂದಿತು ಹಿಂದಿನ ಬೆಂಚು.

"ಅಮ್ಮ, ಪಾಠ ನಡೀತಾ ಅದೆ."

"ನಡೀಲಪ್ಪ. ಸುಳ್ಳು ನಡೀಬಾರ್ದು ಅಷ್ಟೆ."

ಮಕ್ಕಳು ನಕ್ಕರು. ಮಾವ ಕೆಂಪು ಬಾವುಟ ತೋರಿಸಿದರು. ಅಜ್ಜಿಗೆ ಅದು ಕಾಣಿಸಲೇ ಇಲ್ಲ.

ಒಂದು ಮೇ ತಿಂಗಳಲ್ಲಿ ಪಾದ್ರಿಗಳು ತಾಯಂದಿರ ಭಾನುವಾರ ಆಚರಿಸುವುದೆಂದು ತೀರ್ಮಾನಿಸಿ ಮಕ್ಕಳ ಜವಾಬ್ದಾರಿಯನ್ನು ಮಾವನಿಗೆ ಒಪ್ಪಿಸಿದರು. ಮಾವನ ಉತ್ಸಾಹ ಹೇಳತೀರದು. ಮೊದಲ ವಾರವೇ ಮನೆಗೆಲಸ ಕೊಟ್ಟರು: ಅಮ್ಮ ಹೇಳದೆಯೇ ಅಮ್ಮನ ಒಂದು ಕೆಲಸ ಮಾಡಿ ಮುಗಿಸಬೇಕು. ನಾವೆಲ್ಲ ಮಾಡಿದೆವು. ಒಬ್ಬಳು ಮೊಳಕೆಗೆ ಕಟ್ಟಿಟ್ಟಿದ್ದ ರಾಗಿ ಹಳಸಿದೆ ಎಂದು ತಿಪ್ಪೆಗೆ ಸುರಿದಳು. ಇನ್ನೊಬ್ಬ ಕಾವಿಗೆ ಕೂತಿದ್ದ ಕೋಳಿಯನ್ನು ಎಬ್ಬಿಸಿ ಮೊಟ್ಟೆಗಳನ್ನು ತಣ್ಣೀರಿನಲ್ಲಿ ಚೊಕ್ಕಟವಾಗಿ ತೊಳೆದಿಟ್ಟ. ನಾನು ವರ್ಷಗಟ್ಟಲೆ ಪಳಗಿದ್ದ ದೋಸೆ ಕಾವಲಿಯನ್ನು ಇಟ್ಟಿಗೆಪುಡಿ ಹಾಕಿ ಬೆಳ್ಳಗಾಗುವ ತನಕ ತಿಕ್ಕಿದೆ. ಆ ತಿಂಗಳೆಲ್ಲ ನಮ್ಮ ಮನೆಯಲ್ಲಿ ದೋಸೆ ಏಳಲಿಲ್ಲ, ಅಮ್ಮನ ಕೋಪ ಇಳಿಯಲಿಲ್ಲ.

ತಾಯಂದಿರೆಲ್ಲ ಸೇರಿ ಅಜ್ಜಿಯ ಹತ್ತಿರ ದೂರು ತಂದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು ಬಾಯಲ್ಲಿದ್ದ ಎಲೆಯನ್ನು ಒಂದು ಪಕ್ಕಕ್ಕೆ ಸರಿಸಿದಳು.

"ನೀವು ಒಂದ್ ಭಾನುವಾರಕ್ಕೇ ಸುಸ್ತಾದ್ರಲ್ರವ್ವಾ. ನಾನು ಅವನು ಹುಟ್ಟಿದಾಗಿಂದ ಅನುಭವಿಸ್ತಾ ಇದೀನಿ."

ಮಾವ ಮನೆಗೆಲಸ ಕೈಬಿಟ್ಟರು. ಮುಂದಿನ ವಾರ ಅಪಾಯವಿಲ್ಲದ ಉಪಾಯ ಹುಡುಕಿದರು. ಹಬ್ಬದ ದಿನ ಪ್ರತಿ ಮಗುವೂ ಎದ್ದುನಿಂತು ತನ್ನ ಅಮ್ಮನಿಗೆ ಏನು ಇಷ್ಟ ಎಂದು ಸಭೆಗೆ ಹೇಳಬೇಕು. ಅಭ್ಯಾಸ ಶುರುವಾಯಿತು. ನಮ್ಮಮ್ಮನಿಗೆ ತಂಗಳು ಮುದ್ದೆ ಇಷ್ಟ ಎಂದ ಒಬ್ಬ. ಹಸಿರು ಬಾವುಟ. ನಮ್ಮಮ್ಮನಿಗೆ ಸೀದ ಅನ್ನ ಇಷ್ಟ ಎಂದಳು ಮತ್ತೊಬ್ಬಳು. ಹಸಿರು. ನಮ್ಮಮ್ಮನಿಗೆ ಕೋಳಿಯ ಕತ್ತು ಇಷ್ಟ, ಬೇರೆ ತುಂಡು ತಿನ್ನುವುದೇ ಇಲ್ಲ ಎಂದ ಇನ್ನೊಬ್ಬ. ಬಾವುಟ ಅರ್ಧಕ್ಕೆ ಎದ್ದು ಹಾಗೇ ನಿಂತಿತು. ಮಾವ ಏನನ್ನೋ ಯೋಚಿಸತೊಡಗಿದ್ದರು.

ಆಗ ಎಲ್ಲರಿಗಿಂತ ಚಿಕ್ಕ ಹುಡುಗಿಯೊಬ್ಬಳು ಕೇಳಿದಳು, "ಮೇಷ್ಟ್ರೇ, ನಿಮ್ಮಮ್ಮಂಗೆ ಏನಿಷ್ಟ?"

ಮಾವ ಹಿಂದಿನ ಬೆಂಚಿನ ಕಡೆ ನೋಡಿದರು. ನಾವೂ ತಿರುಗಿ ನೋಡಿದೆವು. ಅಜ್ಜಿ ಈಗ ಏನಾದರೂ ಹೇಳುತ್ತಾಳೆ, ನಗಬಹುದು ಎಂದು ಕಾದೆವು. ಅಜ್ಜಿ ತಲೆ ಬಗ್ಗಿಸಿಕೊಂಡು ಎಲೆಗೆ ಸುಣ್ಣ ಸವರುತ್ತಿದ್ದಳು. ಸವರಿದ್ದ ಎಲೆಗೇ ಮತ್ತೆ ಸವರಿದಳು.

ಅವತ್ತು ಪಾಠ ಅಲ್ಲಿಗೇ ಮುಗಿಯಿತು. ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಸದ್ದೇ ಇಲ್ಲ. ಯಾರಿಗೆ ಮೈ ಹುಷಾರಿಲ್ಲವೋ ಎಂದು ಗಾಬರಿಯಾಗಿ ಅಮ್ಮ ನನ್ನನ್ನು ಓಡಿಸಿದಳು. ಹೋಗಿ ನೋಡಿದರೆ ಮಾವ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನಿಂಗೆ ಏನಿಷ್ಟ ಎಂದು ಅಜ್ಜಿಯನ್ನು ಕೇಳುತ್ತಿದ್ದರು. ಅಜ್ಜಿ ಒಲೆ ಊದುತ್ತಾ, ಇದೇನು ಹೊಸ ರೋಗ, ಎದ್ದು ಡ್ಯೂಟಿಗೆ ಹೋಗು ಎನ್ನುತ್ತಿದ್ದಳು. ಮಾವ ಬಿಡಲಿಲ್ಲ. ಮಂಗಳವಾರ ಕೇಳಿದರು, ಬುಧವಾರ ಕೇಳಿದರು. ಹಟದಲ್ಲಿ ಯಾರ ಮಗ!

ಕೊನೆಗೆ ಶುಕ್ರವಾರ ಅಜ್ಜಿ ಅಕ್ಕಿ ಆರಿಸುತ್ತಾ, ಮೊರದಿಂದ ಕಣ್ಣೆತ್ತದೆ ಹೇಳಿದಳು.

"ರೈಲ್ನಲ್ಲಿ ಕಿಟಕಿ ಪಕ್ಕ ಕೂತ್ಕಂಡು ಹೋಗ್ಬೇಕು. ಸಾವಿಗೂ ಅಲ್ಲ, ಬಾಣಂತನಕ್ಕೂ ಅಲ್ಲ. ಸುಮ್ಕೆ."

ರೈಲಿನಲ್ಲಿ ಎಷ್ಟೋ ಸಲ ಹೋಗಿದ್ದೀಯಲ್ಲ ಎಂದರು ಮಾವ.

"ಹೋಗಿದೀನಿ. ಕಿಟಕಿ ಯಾವಾಗ್ಲೂ ನಿಂದೇ ಆಗಿತ್ತು ಕಣೋ."

ತಾಯಂದಿರ ಭಾನುವಾರ ಬಂತು. ಮಕ್ಕಳೆಲ್ಲ ಬಂದು ಸಾಲಾಗಿ ನಿಂತರಂತೆ, ಪಾದ್ರಿಗಳು ಬಾಗಿಲ ಕಡೆ ನೋಡಿ ನೋಡಿ ಸಾಕಾದರಂತೆ. ಮೇಷ್ಟರು ಬರಲಿಲ್ಲ. ಬರುವುದು ಹೇಗೆ? ಮಾವ, ಅಜ್ಜಿ ಮತ್ತು ಜೊತೆಗೆ ಇರಲಿ ಎಂದು ನಾನು, ಆ ಹೊತ್ತಿಗೆ ಅಜ್ಜಂಪುರದ ಕಡೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಬೀರೂರು ದಾಟಿದ್ದೆವು.

ಅಜ್ಜಿ ಮದುವೆಮನೆಗೆ ಹೊರಟವಳ ಹಾಗೆ ಹೊಸ ಸೀರೆ ಉಟ್ಟು ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಉತ್ತ ಕರಿಹೊಲ, ತೆಂಗಿನ ತೋಟ, ಬಿಳಿ ದನಗಳ ಹಿಂಡು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಅಜ್ಜಿ ಒಂದಕ್ಕೂ ತಪ್ಪು ಹುಡುಕಲಿಲ್ಲ. ಮಾವ ಎದುರು ಸೀಟಿನಲ್ಲಿ ಕೂತು ಹೊರಗೆ ನೋಡದೆ ಅವಳನ್ನೇ ನೋಡುತ್ತಿದ್ದರು.

ತಿರುವಿನಲ್ಲಿ ಇಂಜಿನ್ನಿನ ಹೊಗೆ ನಮ್ಮ ಡಬ್ಬಿಯ ಕಡೆ ವಾಲಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಕಲ್ಲಿದ್ದಲಿನ ಚೂರು ಬಿದ್ದಿತ್ತು. ಮಾವ ಥಟ್ಟನೆ ಎದ್ದು ಅವಳ ಮುಂದೆ ಮಂಡಿಯೂರಿ, ಕರವಸ್ತ್ರದ ತುದಿಯನ್ನು ಬಾಯಿಂದ ಊದಿ ಬಿಸಿಮಾಡಿ, ರೆಪ್ಪೆ ಬಿಡಿಸಿ ಮೆಲ್ಲಗೆ ಒತ್ತಿದರು.

"ಹೋಯ್ತೇನಮ್ಮ?"

ಬಿಳಿ ಕರವಸ್ತ್ರದ ಮೇಲೆ ಕರಿ ಚೂರು ನನಗೆ ಕಾಣುತ್ತಿತ್ತು.

"ಇನ್ನೂ ಅದೆ ಕಣಪ್ಪ," ಎಂದಳು ಅಜ್ಜಿ.

ಮಾವ ಮತ್ತೆ ಊದಿ ಒತ್ತಿದರು. ಅಜ್ಜಿ ಮುಖ ಮೇಲೆತ್ತಿಕೊಂಡು, ಕಣ್ಣು ಮುಚ್ಚಿ ಹಾಗೆಯೇ ಕೂತಿದ್ದಳು.